ದೋಣಿಗೆ ನೀರು ತುಂಬಿಸುವವರು

ಮಕ್ಕಳೇ, ದೋಣಿಯೊಳಗೆ ನೀರು ಬಂದರೆ ಏನು ಮಾಡುತ್ತಾರೆ? ಡಬ್ಬಿಯೋ ಚೊಂಬೋ, ಕೈಗೆ ಸಿಕ್ಕಿದ್ದರಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲುತ್ತಾರೆ. ಹೊಳೆಯಲ್ಲಿ ದೋಣಿ ನಡೆಸುವ ಯಾರನ್ನು ಕೇಳಿದರೂ ಇದೇ ಉತ್ತರ. ಆದರೆ ಪಂಪು, ಪೈಪು, ಚೀಲ ಎಲ್ಲ ಜೋಡಿಸಿ, ಸಾವಿರ ಲೀಟರ್ ನೀರನ್ನು ಬೇಕೆಂದೇ ದೋಣಿಗೆ ತುಂಬಿಸಿಕೊಳ್ಳುವವರೂ ಇದ್ದಾರೆ. ಅವರಿಗೇನೂ ತಲೆ ಕೆಟ್ಟಿಲ್ಲ. ಅವರಿಗೆ ಬೇಕಿರುವುದು ದೊಡ್ಡದೊಂದು ಅಲೆ.

ಅವರನ್ನು ನೋಡಬೇಕಾದರೆ ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಹೋಗಬೇಕು. ಹತ್ತು ಸಾವಿರಕ್ಕೂ ಹೆಚ್ಚು ಸರೋವರಗಳಿರುವ ನಾಡು ಅದು. ಅಲ್ಲಿ ಲೇಕ್ ಸಿಟಿ ಎಂಬ ಊರಿನ ಬಳಿ ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಂಡು ಪೆಪಿನ್ ಸರೋವರವಾಗಿದೆ. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದು ಎಂದು ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ 18 ವರ್ಷದ ಹುಡುಗನಿಗೆ ಅನಿಸಿತು. ಪೈನ್ ಮರದ ಹಲಗೆಗಳ ತುದಿಯನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ ಮೇಲಕ್ಕೆ ಬಾಗಿಸಿದ. 1922ರಲ್ಲಿ ಅವನ್ನು ಕಾಲಿಗೆ ಕಟ್ಟಿ, ದೋಣಿ ಎಳೆಯುವ ಹಗ್ಗ ಹಿಡಿದು ಪೆಪಿನ್ ಸರೋವರದ ಮೇಲೆ ನಿಂತೇಬಿಟ್ಟ. ವಾಟರ್ ಸ್ಕೀಯಿಂಗ್ ಆಟ ಶುರುವಾದದ್ದು ಹಾಗೆ.

ದೋಣಿಗೆ ನೀರು ತುಂಬಿಸುವವರು ಆಡುವ ವೇಕ್‌ಬೋರ್ಡಿಂಗ್ ಅದಕ್ಕಿಂತ ಈಚಿನದು. ಇದರಲ್ಲಿ ಎರಡೂ ಕಾಲು ಒಂದೇ ಹಲಗೆಯ ಮೇಲಿರುತ್ತವೆ. ದೋಣಿ ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತದೆ. ಆಟಗಾರ ದೋಣಿಯ ಹಿಂದೆ ಏಳುವ ಅಲೆಯ ಕಡೆಗೆ ಜಾರಿ ಬಂದು, ಅದರ ಇಳಿಜಾರನ್ನು ಹತ್ತಿ ಗಾಳಿಗೆ ಹಾರುತ್ತಾನೆ. ಅಲೆ ಎತ್ತರವಾದಷ್ಟೂ ಜಿಗಿತ ಎತ್ತರ.

ಆ ಅಲೆ ಎಲ್ಲಿಂದ ಬರುತ್ತದೆ? ಮುಂದೆ ಸಾಗುವ ದೋಣಿ ದಾರಿಯಲ್ಲಿರುವ ನೀರನ್ನು ಎರಡು ಬದಿಗೂ ತಳ್ಳುತ್ತದೆ. ದೋಣಿ ದಾಟಿದ ಮೇಲೆ ಅಲ್ಲೊಂದು ತಗ್ಗು ಉಳಿಯುತ್ತದೆ. ಅದನ್ನು ತುಂಬಲು ನೀರು ಮತ್ತೆ ನುಗ್ಗುತ್ತದೆ. ಈ ತಳ್ಳಾಟದಲ್ಲಿ ಎದ್ದ ಅಲೆಗಳು ದೋಣಿಯ ಹಿಂದೆ ಎರಡು ಕಡೆಗೂ ಹರಡಿಕೊಳ್ಳುತ್ತವೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಆರ್ಕಿಮಿಡೀಸ್ ತೋರಿಸಿಕೊಟ್ಟದ್ದು ನಿಮಗೆ ಗೊತ್ತು. ಹಗುರವಾದ ದೋಣಿ ವೇಗ ಹಿಡಿದಾಗ ಮೇಲೆದ್ದು ನೀರಿನ ಮೈಮೇಲೆ ಜಾರಿಬಿಡುತ್ತದೆ, ಹಿಂದೆ ಉಳಿಯುವುದು ಸಣ್ಣ ಅಲೆ. ಭಾರದ ದೋಣಿ ಅಷ್ಟು ಸುಲಭವಾಗಿ ಮೇಲೇಳುವುದಿಲ್ಲ. ಆಳದಲ್ಲೇ ಸಾಗಿ ಹೆಚ್ಚು ನೀರನ್ನು ತಳ್ಳುತ್ತದೆ. ಅಲೆಯೂ ದೊಡ್ಡದಾಗುತ್ತದೆ.

ಅಂದರೆ ದೋಣಿಗೆ ಭಾರ ಬೇಕು. ಗೆಳೆಯರನ್ನೆಲ್ಲ ಹತ್ತಿಸಿಕೊಳ್ಳುವವರುಂಟು, ಸೀಸ ತುಂಬಿದ ಚೀಲ ಹೇರುವವರೂ ಉಂಟು. ಆದರೆ ಮನೆಗೆ ಮರಳುವಾಗ, ಟ್ರೇಲರ್ ಮೇಲೆ ದೋಣಿಯನ್ನು ಎಳೆದುಕೊಂಡು ಹೋಗುವಾಗ, ಆ ಭಾರ ಯಾರಿಗೆ ಬೇಕು? ಸರೋವರದಲ್ಲಿರುವಷ್ಟು ಹೊತ್ತು ಭಾರ ಇರಬೇಕು, ದಡಕ್ಕೆ ಬಂದಾಗ ಮಾಯವಾಗಬೇಕು. ಇದಕ್ಕೆ ನೀರಿಗಿಂತ ಒಳ್ಳೆಯ ವಸ್ತು ಇಲ್ಲ. ಸರೋವರದಿಂದಲೇ ಸಾಲ ಪಡೆಯಬಹುದು, ಆಟ ಮುಗಿದ ಮೇಲೆ ಅಲ್ಲೇ ತೀರಿಸಬಹುದು. ಹೀಗೆ ದೋಣಿ ಹಡಗುಗಳಿಗೆ ಬೇಕೆಂದೇ ತುಂಬುವ ಭಾರಕ್ಕೆ ಬ್ಯಾಲಸ್ಟ್ ಎನ್ನುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಸಾವಿರ ಲೀಟರ್ ತುಂಬಿದರೆ ಸಾವಿರ ಕಿಲೋ ಆಯಿತು. ಸಾವಿರ ಲೀಟರ್ ಎಂದರೆ ಒಂದು ಘನ ಮೀಟರ್. ನೀರಿನ ಮೇಲೆ ದೋಣಿ ಆವರಿಸುವ ಜಾಗ 10 ಚದರ ಮೀಟರ್ ಎಂದುಕೊಳ್ಳಿ. ಒಂದು ಘನ ಮೀಟರ್ ನೀರನ್ನು 10 ಚದರ ಮೀಟರಿಗೆ ಹರಡಿದರೆ ಎಷ್ಟು ಎತ್ತರ ನಿಲ್ಲುತ್ತದೆ? 10 ಸೆಂಟಿಮೀಟರ್. ನಿಂತ ದೋಣಿ ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿಯುತ್ತದೆ. ದೋಣಿ ಎಷ್ಟು ಭಾರ ತಾಳುತ್ತದೆಂದು ತಯಾರಿಸಿದವರು ತಿಳಿಸಿರುತ್ತಾರೆ. ನೀರು, ಜನ, ಸಾಮಾನು ಎಲ್ಲ ಸೇರಿ ಅದರೊಳಗೇ ಇರಬೇಕು.

ಇನ್ನು ಜೋಡಣೆ. ದಪ್ಪ ಪ್ಲಾಸ್ಟಿಕ್ ಲೇಪನದ ಬಟ್ಟೆಯಿಂದ ಮಾಡಿದ ಮೂರು ದೊಡ್ಡ ಚೀಲಗಳು ಬೇಕು. ಹಿಂಬದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು, ಮುಂದಿನ ಸೀಟಿನ ಕೆಳಗೊಂದು. ಪ್ರತಿ ಚೀಲಕ್ಕೂ ನೀರು ತುಂಬಲು ಒಂದು ಪಂಪು, ಖಾಲಿ ಮಾಡಲು ಇನ್ನೊಂದು. ಎಲ್ಲವೂ 12 ವೋಲ್ಟ್ ಬ್ಯಾಟರಿಯಿಂದ ಓಡುತ್ತವೆ. ಗಂಟೆಗೆ 3,000 ಲೀಟರ್ ಎತ್ತುವ ಪಂಪು 340 ಲೀಟರಿನ ಚೀಲವನ್ನು ಏಳು ನಿಮಿಷದಲ್ಲಿ ತುಂಬಿಸಿಬಿಡುತ್ತದೆ.

ಸರೋವರದ ನೀರು ಒಳಗೆ ಬರಬೇಕಾದರೆ ದೋಣಿಯ ತಳಕ್ಕೆ ತೂತು ಕೊರೆಯಬೇಕು! ಒಳ್ಳೆಯ ದೋಣಿಗೆ ತೂತು ಕೊರೆಯಲು ಎಂಥವರಿಗೂ ಎದೆ ಡವಡವ ಎನ್ನುತ್ತದೆ. ಮೊದಲು ಸಣ್ಣ ಡ್ರಿಲ್ಲಿನಿಂದ ಗುರುತು ತೂತು ಹಾಕಿ, ಜಾಗ ಸರಿಯಾಗಿದೆಯೇ ಎಂದು ಒಳಗಿನಿಂದ ನೋಡುತ್ತಾರೆ. ಆಮೇಲೆ ದುಂಡು ಗರಗಸದಿಂದ ಅಗಲ ಮಾಡುತ್ತಾರೆ. ಕತ್ತರಿಸಿದ ಅಂಚಿಗೆ ನೀರು ಇಂಗದಂತೆ ಎಪಾಕ್ಸಿ ಬಳಿಯುತ್ತಾರೆ. ಲೋಹದ ತೂಬಿನ ಅಂಚಿಗೆ ಸೀಲೆಂಟ್ ಹಚ್ಚಿ, ಹೊರಗಿನಿಂದ ತೂರಿಸಿ, ಒಳಗಿನಿಂದ ನಟ್ಟು ಬಿಗಿಯುತ್ತಾರೆ. ಅದರ ತಲೆಗೇ ಒಂದು ವಾಲ್ವ್ ಕೂರಿಸುತ್ತಾರೆ. ಮೇಲಿನ ಪೈಪು ಬಿರಿದರೂ ಈ ವಾಲ್ವ್ ತಿರುಗಿಸಿದರೆ ನೀರು ನಿಲ್ಲುತ್ತದೆ. ದೋಣಿಯನ್ನು ನೀರಿಗಿಳಿಸಿದ ಮೊದಲ ದಿನ ಆ ತೂಬಿನ ಸುತ್ತ ಒಣ ಕಾಗದ ಒತ್ತಿ ನೋಡಬೇಕು. ಕಾಗದ ಒದ್ದೆಯಾಗದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಪಂಪು ಎಲ್ಲಿರಬೇಕು? ಈ ಬಗೆಯ ಪಂಪಿನೊಳಗೆ ಒಂದು ಚಕ್ರ ಗಿರ್ರೆಂದು ತಿರುಗಿ ನೀರನ್ನು ಹೊರಗೆ ಎಸೆಯುತ್ತದೆ. ಒಳಗೆ ಬರೀ ಗಾಳಿ ಇದ್ದರೆ ಅದು ಸುಮ್ಮನೆ ಸುತ್ತುತ್ತದೆ. ಮನೆಯ ಬಾವಿಯ ಪಂಪಿಗೆ ಗಾಳಿ ಹಿಡಿದಾಗ ನೀರು ಹುಯ್ದು ಶುರು ಮಾಡುತ್ತಾರಲ್ಲ, ಅಂಥದೇ ಸಂಕಟ. ಅದಕ್ಕೇ ದೋಣಿಯ ಪಂಪನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ, ತೂಬಿನ ಹತ್ತಿರವೇ ಇಡುತ್ತಾರೆ. ಆಗ ನೀರು ತಾನಾಗಿಯೇ ಪಂಪಿನೊಳಗೆ ಬಂದು ನಿಂತಿರುತ್ತದೆ.

ಚೀಲದ ನೆತ್ತಿಗೂ ಒಂದು ಸಣ್ಣ ಪೈಪು ಬೇಕು. ನೀರು ಒಳಗೆ ಬರುವಾಗ ಗಾಳಿ ಹೊರಗೆ ಹೋಗಬೇಕಲ್ಲ! ಆ ಪೈಪಿನ ಬಾಯಿ ದೋಣಿಯ ಹೊರಬದಿಯಲ್ಲಿ, ಮೇಲ್ಗಡೆ ಇರುತ್ತದೆ. ಚೀಲ ತುಂಬಿದ ಕೂಡಲೇ ಅಲ್ಲಿಂದ ನೀರು ಚಿರ್ರನೆ ಚಿಮ್ಮುತ್ತದೆ. ದೋಣಿ ನಡೆಸುವವರು ಅದನ್ನು ನೋಡಿ ಪಂಪು ನಿಲ್ಲಿಸುತ್ತಾರೆ.

ಪಂಪು ನಿಲ್ಲಿಸಿದ ಮೇಲೂ ನೀರು ಒಂದು ಆಟ ಹೂಡುತ್ತದೆ. ಪೈಪಿನ ತುಂಬ ನೀರಿದ್ದರೆ, ಪೈಪು ನಡುವೆ ಸ್ವಲ್ಪ ಎತ್ತರಕ್ಕೆ ಏರಿ ಇಳಿದಿದ್ದರೂ, ನೀರಿನ ಮಟ್ಟ ಮೇಲಿರುವ ಕಡೆಯಿಂದ ಕೆಳಗಿರುವ ಕಡೆಗೆ ಅದು ಹರಿಯುತ್ತಲೇ ಇರುತ್ತದೆ. ಇಳಿಯುವ ಭಾಗದ ನೀರು ತನ್ನ ತೂಕದಿಂದ ಜಾರುತ್ತದೆ, ಏರುವ ಭಾಗದ ನೀರನ್ನು ಗಾಳಿಯ ಒತ್ತಡ ಹಿಂದಿನಿಂದ ನೂಕುತ್ತದೆ. ಇದೇ ಸೈಫನ್. ಚೀಲದ ನೀರು ಎತ್ತರದಲ್ಲಿದ್ದರೆ ಸದ್ದಿಲ್ಲದೆ ಸರೋವರಕ್ಕೆ ಸೋರಿಹೋಗುತ್ತದೆ. ಸರೋವರದ ಮಟ್ಟ ಮೇಲಿದ್ದರೆ ಯಾರೂ ಕರೆಯದೆಯೇ ನೀರು ಒಳಗೆ ಬರುತ್ತದೆ. ಇದಕ್ಕೆ ಮದ್ದು ಸರಳ. ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಕಮಾನಿನ ಹಾಗೆ ಬಾಗಿಸಿ, ಆ ಕಮಾನಿನ ನೆತ್ತಿಯಲ್ಲಿ ಗಾಳಿಯನ್ನು ಮಾತ್ರ ಒಳಗೆ ಬಿಡುವ ಪುಟ್ಟ ಕವಾಟ ಇಡುತ್ತಾರೆ. ಪಂಪು ನಿಂತೊಡನೆ ಗಾಳಿ ಒಳಗೆ ನುಸುಳಿ ನೀರಿನ ಎಳೆಯನ್ನು ಕಡಿಯುತ್ತದೆ. ಸೈಫನ್ ಅಲ್ಲಿಗೇ ನಿಲ್ಲುತ್ತದೆ.

ಚೀಲವನ್ನು ಅರ್ಧ ತುಂಬಿಸಿ ಬಿಟ್ಟರೂ ಅಪಾಯ. ದೋಣಿ ವಾಲಿದ ಕಡೆಗೇ ಒಳಗಿನ ನೀರೂ ಓಡಿ, ಇನ್ನಷ್ಟು ವಾಲಿಸುತ್ತದೆ. ತುಂಬಿ ಬಿಗಿದ ಚೀಲದಲ್ಲಿ ನೀರಿಗೆ ಓಡಲು ಜಾಗವೇ ಇರುವುದಿಲ್ಲ.

ಅಲೆ ಆಟಗಾರನಿಗೆ ಖುಷಿ ಕೊಟ್ಟು ದಡಕ್ಕೆ ಹೋಗಿ ಬಡಿಯುತ್ತದೆ. ಮಣ್ಣು ಕೊಚ್ಚುತ್ತದೆ, ಕಟ್ಟಿ ನಿಲ್ಲಿಸಿದ ದೋಣಿಗಳನ್ನು ಅಲ್ಲಾಡಿಸುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಾಲಯದವರು ಇಂಥ ಅಲೆಗಳನ್ನು ಅಳೆದು, ದೊಡ್ಡ ಅಲೆ ಎಬ್ಬಿಸುವ ದೋಣಿಗಳು ದಡದಿಂದ 500 ಅಡಿಗಿಂತ ಆಚೆ ಇರಲಿ ಎಂದು 2022ರಲ್ಲಿ ಸಲಹೆ ಕೊಟ್ಟರು.

ಸಾಲ ಪಡೆದ ನೀರನ್ನು ಪಡೆದಲ್ಲೇ ತೀರಿಸಬೇಕೆನ್ನುವುದಕ್ಕೂ ಬಲವಾದ ಕಾರಣವಿದೆ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಕಡೆಯ ಜೀಬ್ರಾ ಮಸಲ್ ಎಂಬ ಕಪ್ಪೆಚಿಪ್ಪಿನ ಜೀವಿ ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಅಮೆರಿಕ ಖಂಡ ಸೇರಿತು. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ, ಮರುವರ್ಷವೇ ಮಿನೆಸೋಟದ ಡುಲೂತ್ ಬಂದರಿನಲ್ಲಿ ಕಾಣಿಸಿತು. ಬೆಳೆದ ಚಿಪ್ಪು ಹೆಬ್ಬೆರಳಿನ ಉಗುರಿನಷ್ಟು, ಮರಿಗಳಂತೂ ಕಣ್ಣಿಗೇ ಕಾಣವು. ಆದರೆ ಲಕ್ಷಾಂತರ ಸೇರಿ ಊರಿನ ನೀರಿನ ಪೈಪುಗಳನ್ನೇ ಕಟ್ಟಿಬಿಡುತ್ತವೆ. ಚೀಲದ ತಳದಲ್ಲಿ ಉಳಿದ ಒಂದಿಷ್ಟು ನೀರು ಸಾಕು, ಅವು ಮುಂದಿನ ಸರೋವರಕ್ಕೆ ಪ್ರಯಾಣ ಮಾಡಲು. ಆದ್ದರಿಂದ ದಡ ಬಿಡುವ ಮುನ್ನ ದೋಣಿಯ ನೀರನ್ನೆಲ್ಲ ಬಸಿಯಬೇಕು, ರಸ್ತೆಯಲ್ಲಿ ಹೋಗುವಾಗ ತಳದ ಬಿರಡೆ ತೆಗೆದೇ ಇರಬೇಕು ಎಂಬುದು ಅಲ್ಲಿನ ಕಾನೂನು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಸರಕು ತುಂಬಿಕೊಳ್ಳಲು ಖಾಲಿ ಬರುವ ಹಡಗುಗಳೂ ಓಲಾಡದಿರಲೆಂದು ಟ್ಯಾಂಕುಗಳಲ್ಲಿ ಕಡಲ ನೀರು ಹೊತ್ತು ಬರುತ್ತವೆ. ಹಡಗುಗಳು ಆ ನೀರಿನಲ್ಲಿರುವ ಜೀವಿಗಳನ್ನು ಬಂದರಿನಿಂದ ಬಂದರಿಗೆ ಸಾಗಿಸದಂತೆ ತಡೆಯಲು 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2017ರಲ್ಲಿ ಅದು ಜಾರಿಗೆ ಬಂತು.

ನೀರು ಬಸಿಯದ ದೋಣಿಗೆ ಮಿನೆಸೋಟದ ಚಳಿಗಾಲವೂ ಶಿಕ್ಷೆ ಕೊಡುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪಂಪಿನೊಳಗೆ ನೀರು ಉಳಿದಿದ್ದರೆ ಅದರ ಒಡಲೇ ಬಿರಿಯುತ್ತದೆ.

ಈಗ ನಿಮ್ಮ ಸರದಿ. ಅಗಲವಾದ ಟಿಫಿನ್ ಡಬ್ಬಿಯನ್ನು ನೀರು ತುಂಬಿದ ಟಬ್ಬಿನಲ್ಲಿ ತೇಲಿಬಿಡಿ. ನೀರು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ. ಎರಡು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಅರ್ಧರ್ಧ ಲೋಟ ನೀರು ತುಂಬಿ, ಗಾಳಿ ಉಳಿಯದಂತೆ ಹಿಂಡಿ, ಬಿಗಿಯಾಗಿ ಕಟ್ಟಿ. ಎರಡನ್ನೂ ಡಬ್ಬಿಯ ಎರಡು ಬದಿಗೆ ಇಟ್ಟು ಎರಡನೆಯ ಗೆರೆ ಎಳೆಯಿರಿ. ಎರಡನ್ನೂ ಒಂದೇ ಬದಿಗೆ ಸರಿಸಿದರೆ ಏನಾಗುತ್ತದೆ ನೋಡಿ. ಬಳಿಕ ಚೀಲಗಳನ್ನು ತೆಗೆದು, ಒಂದು ಲೋಟ ನೀರನ್ನು ನೇರವಾಗಿ ಡಬ್ಬಿಗೆ ಸುರಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಚೀಲದಲ್ಲಿ ಕಟ್ಟಿದ ನೀರಿಗೂ ಸುಮ್ಮನೆ ಸುರಿದ ನೀರಿಗೂ ವ್ಯತ್ಯಾಸ ಕಾಣುತ್ತದೆ.

ಕೊನೆಯದಾಗಿ ಡಬ್ಬಿಯ ನೀರು ಚೆಲ್ಲಿ, ಎರಡೂ ಚೀಲಗಳನ್ನು ದಾರದಿಂದ ಡಬ್ಬಿಯ ಅಂಚಿಗೆ ಕಟ್ಟಿ ಟಬ್ಬಿನ ನೀರೊಳಗೆ ಇಳಿಬಿಡಿ. ಅದೇ ಚೀಲ, ಅದೇ ನೀರು. ಡಬ್ಬಿ ಈಗ ಮೊದಲನೆಯ ಗೆರೆಯ ಹತ್ತಿರ ನಿಲ್ಲುತ್ತದೋ, ಎರಡನೆಯದರ ಹತ್ತಿರವೋ? ಮೊದಲು ಊಹಿಸಿ, ಆಮೇಲೆ ಮಾಡಿ ನೋಡಿ. ಆರ್ಕಿಮಿಡೀಸ್ ಹೇಳಿದ್ದನ್ನು ನೆನಪಿಸಿಕೊಂಡರೆ ಕಾರಣ ನಿಮಗೇ ಹೊಳೆಯುತ್ತದೆ.