ಜೋರಾಗಿ ನಕ್ಕವನು ನಾನೇ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇವತ್ತು ಕವಿತೆ ಓದಲು ಬಂದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಲು ಬಂದಿದ್ದೇನೆ.

ನಾನು ಓದಿದ್ದು ಗಂಡುಹುಡುಗರ ವಸತಿ ಶಾಲೆಯಲ್ಲಿ. ಬೆಳಿಗ್ಗೆ ಐದಕ್ಕೆ ಗಂಟೆ, ಆರಕ್ಕೆ ಸಾಲು, ಅಂಗಿಯ ಗುಂಡಿ ಬಿಟ್ಟಿದ್ದರೆ ಬೆತ್ತ. ಎಲ್ಲರಿಗೂ ಒಂದೇ ಯೂನಿಫಾರಂ, ಇಲ್ಲಿ ಜಾತಿ ಇಲ್ಲ ಅಂತ ಮೇಷ್ಟ್ರುಗಳು ಹೇಳೋರು. ರಾತ್ರಿ ದೀಪ ಆರಿದ ಮೇಲೆ ದೊಡ್ಡ ಹುಡುಗರ ವಿಚಾರಣೆ ಶುರುವಾಗುತ್ತಿತ್ತು. 'ನಿಮ್ಮಪ್ಪ ಏನ್ ಮಾಡ್ತಾನೋ? ಮನೆ ಊರೊಳಗಿದೆಯೋ, ಆಚೆಗಿದೆಯೋ?' ಇಷ್ಟು ಸಾಕಿತ್ತು. ಜಾತಿಯ ಹೆಸರು ಕೇಳಬೇಕಾಗಿಯೇ ಇರಲಿಲ್ಲ.

ನಾನು ಸುಳ್ಳು ಹೇಳಿದೆ. ಕೂಲಿ ಮಾಡುವ ಅಪ್ಪನನ್ನು ಗುಮಾಸ್ತ ಅಂದೆ. 'ಐತೆ' ಬಿಟ್ಟು 'ಇದೆ' ಕಲಿತೆ. ಅವರಲ್ಲಿ ಒಬ್ಬನಾದೆ.

ಮರುವರ್ಷ ನಮ್ಮ ಕೇರಿಯಂಥದೇ ಕೇರಿಯಿಂದ ಒಬ್ಬ ಹುಡುಗ ಬಂದ. ಅವನಿಗೆ ಸುಳ್ಳು ಬರಲಿಲ್ಲ. ಅವನ ಟ್ರಂಕು, ಹಾಸಿಗೆ ಎತ್ತಿ ಬಾಗಿಲಾಚೆ ಇಟ್ಟರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅವನು ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದ. ಅವನಿಗೆ ಗೊತ್ತಾಗಿತ್ತು. ದಸರಾ ರಜಕ್ಕೆ ಹೋದವನು ಮತ್ತೆ ಬರಲಿಲ್ಲ.

1900ರ ನವೆಂಬರ್ 7ರಂದು ಒಂಬತ್ತು ವರ್ಷದ ಭೀಮರಾವ್ ಸಾತಾರದ ಸರ್ಕಾರಿ ಶಾಲೆಗೆ ಸೇರಿದರು. ಬಾಲ್ಯದ ಶಾಲೆಯ ಬಗ್ಗೆ ಬಾಬಾಸಾಹೇಬರೇ ಬರೆದಿದ್ದಾರೆ: ಮೂಲೆಯಲ್ಲಿ ಬೇರೆ ಗೋಣಿತಟ್ಟಿನ ಮೇಲೆ ಕೂರಬೇಕು. ಅದನ್ನು ಶಾಲೆಯ ಆಳು ಮುಟ್ಟುವುದಿಲ್ಲ. ಸಂಜೆ ಮನೆಗೆ ಒಯ್ದು ಬೆಳಿಗ್ಗೆ ತರಬೇಕು. ನಲ್ಲಿ ತಿರುಗಿಸಲು ಜವಾನನಿಲ್ಲದಿದ್ದರೆ ನೀರಿಲ್ಲ. ಆ ಅವಮಾನವನ್ನು ಅವರು ಬಚ್ಚಿಡಲಿಲ್ಲ, ಇನ್ನೊಬ್ಬರಿಗೆ ದಾಟಿಸಲೂ ಇಲ್ಲ. ನಾನು ನನ್ನ ಗೋಣಿತಟ್ಟನ್ನು ಇನ್ನೊಬ್ಬನ ಕೆಳಗೆ ಹಾಸಿದೆ.

ನಮ್ಮ ಹಾಸ್ಟೆಲುಗಳಲ್ಲೂ ಸೀನಿಯರ್ ಆದವನು ಚಿಕ್ಕವರ ಕೈಲಿ ಬಟ್ಟೆ ಒಗೆಸುತ್ತಾನೆ. ಕೇಳಿದರೆ, 'ನಾವೂ ಅನುಭವಿಸಿ ಬಂದಿಲ್ವಾ?' ಅನ್ನುತ್ತಾನೆ. ಮೇಲಿನವನು ಒದ್ದದ್ದನ್ನು ಕೆಳಗಿನವನಿಗೆ ದಾಟಿಸುವುದೇ ಜಾತಿ ಕಲಿಸಿದ ಪಾಠ. ರ‍್ಯಾಗಿಂಗ್ ಶಿಕ್ಷೆಗೆ ಅರ್ಹವಾದ ಅಪರಾಧ ಎಂದು 1983ರ ಕರ್ನಾಟಕ ಶಿಕ್ಷಣ ಕಾಯಿದೆಯೇ ಹೇಳುತ್ತದೆ. ಆದರೆ ಕಾಯಿದೆ ರಾತ್ರಿ ಹೊತ್ತು ರೂಮಿಗೆ ಬರೋದಿಲ್ಲ. ಅಲ್ಲಿ ಇರೋರು ನಾವೇ.

ಹೊಸ ಹುಡುಗ ಟ್ರಂಕು ಹೊತ್ತು ಬಂದಾಗ ಒಂದು ಕಡೆ ಹಿಡಿಯಿರಿ. ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಕೇರಿಯ ಹೆಸರನ್ನು ನೀವೇ ಮೊದಲು ಹೇಳಿ. ಅವನು ದೂರು ಬರೆದರೆ ಕೆಳಗೆ ನಿಮ್ಮ ಸಹಿಯೂ ಇರಲಿ.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಅವನಿಗೆ ಅವತ್ತೇ ಹೇಳಬೇಕಾಗಿದ್ದ ಮಾತು ಇದು: ತಮ್ಮಾ, ನಾನೂ ನಿಮ್ಮೋನೇ ಕಣೋ.

ಜೈ ಭೀಮ್.