ರಕ್ತಪರೀಕ್ಷೆಯ ಚೀಟಿ ಎಸೆಯಬೇಡಿ
(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡಿ ಎಂದರು. ನಾನು ರಕ್ತಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ, ಎರಡಕ್ಕೂ ನಂಟಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ, ನಿಮಗೆ ಗೊತ್ತು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಸಂಶೋಧನೆಗಲ್ಲ, ದಿನದ ಕೆಲಸವೆಂದು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 500ಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದಯರೋಗ ಹೆಚ್ಚಿತ್ತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ತಕ್ಕಡಿಯ ಅಂಕಿ ಬರೆದವರು ಇದನ್ನು ಊಹಿಸಿಯೂ ಇರಲಿಕ್ಕಿಲ್ಲ.

ಇಂದಿನ ತಕ್ಕಡಿ ರಕ್ತಪರೀಕ್ಷೆಯ ಯಂತ್ರ. ಒಬ್ಬ ತಾಯಿಯ ಹಿಮೋಗ್ಲೋಬಿನ್ 14 ಇದ್ದದ್ದು ನಾಲ್ಕು ವರ್ಷದಲ್ಲಿ 12.2ಕ್ಕೆ ಇಳಿಯಿತು ಎನ್ನಿ. ಹೆಂಗಸರಿಗೆ ಗಡಿ 12. ಚೀಟಿಯಲ್ಲಿ 'ನಾರ್ಮಲ್' ಎಂದೇ ಬರುತ್ತದೆ. ಹಳೆಯ ಚೀಟಿ ಪಕ್ಕಕ್ಕಿಟ್ಟರೆ ಮಾತ್ರ ಇಳಿಜಾರು ಕಾಣುವುದು. ಇಂಥ ಸಾವಿರಾರು ಜನರ ಅಂಕಿಗಳನ್ನು ಒಟ್ಟಿಗೆ ನೋಡಿದರೆ, ಯಾವ ಊರಿನಲ್ಲಿ, ಯಾವ ವಯಸ್ಸಿನಲ್ಲಿ ಇಳಿಯುತ್ತಿದೆ ಎಂಬುದೂ ಕಾಣುತ್ತದೆ.

ಕೆಲಸ ಸುಲಭವಲ್ಲ. ಒಂದು ಲ್ಯಾಬಿನಲ್ಲಿ ಮಹದೇವಮ್ಮ, ಇನ್ನೊಂದರಲ್ಲಿ ಮಾದೇವಮ್ಮ. ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು. ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಇದಕ್ಕೆ ನೆರವಾಗಬಹುದು. ಆದರೆ ಪರೀಕ್ಷೆಗೆ ಬರುವವರು ಹೆಚ್ಚಾಗಿ ಹುಷಾರಿಲ್ಲದವರು. ಅವರ ಸರಾಸರಿಯನ್ನೇ ಊರಿನ ಸರಾಸರಿ ಎಂದರೆ, ಸಂತೆಗೆ ಬಂದವರನ್ನು ಎಣಿಸಿ ಜನಗಣತಿ ಎಂದಂತೆ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ನಮ್ಮ ಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ದೇಶಾದ್ಯಂತ ಇದರ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ಪರೀಕ್ಷೆ ಬೇಕೇ ಬೇಕು. ಆದರೆ ನಲವತ್ತು ಮನೆಯ ಹಾಡಿಯ ಪಟ್ಟಿಯಲ್ಲಿ 'ಹತ್ತೊಂಬತ್ತು ವರ್ಷದ ಹುಡುಗಿ' ಎಂದಿದ್ದರೆ, ಹೆಸರು ಅಳಿಸಿ ಏನು ಬಂತು? ನಾಳೆ ಅವಳ ಮದುವೆ ಮಾತುಕತೆಗೆ ಆ ಪಟ್ಟಿಯೂ ಬಂದು ಕೂರುತ್ತದೆ. ಹಾಡಿಯ ಹೆಸರು ಬಿಟ್ಟು ತಾಲ್ಲೂಕು ಎಂದಷ್ಟೇ ಬರೆಯುವುದು, ವಯಸ್ಸನ್ನು ಹತ್ತು ವರ್ಷದ ಗುಂಪಿಗೆ ಸೇರಿಸುವುದು ನಮ್ಮಂಥ ಎಂಜಿನಿಯರುಗಳ ಕೆಲಸ. ಅದನ್ನು ಕೇಳಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು.

ಒಪ್ಪಿಗೆಗೆ ಸಹಿ ಕೇಳಿದಾಗ, ಇದನ್ನು ಯಾರು ನೋಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ, ಫಲಿತಾಂಶ ನಮಗೆ ಹೇಳುತ್ತಾರಾ ಎಂದು ಕೇಳಿ. ಓದಲು ಬಾರದ ಅಜ್ಜಿಯ ಪರವಾಗಿ ಮೊಮ್ಮಕ್ಕಳು ಕೇಳಲಿ. ಚೀಟಿಯನ್ನು ತಾರೀಖು ಕಾಣುವಂತೆ ಫೋಟೋ ತೆಗೆದಿಡಿ.