ತುಕ್ಕು ಹಿಡಿದ ಪಟ್ಟಿ ಸ್ಪ್ರಿಂಗು
ಸೂರತ್ತಿನ ಅಡಾಜಣ್ ತಾಪಿ ನದಿಯ ಬಲದಂಡೆಯ ಬಡಾವಣೆ. ಸಮುದ್ರ ದೂರವಿಲ್ಲ; ಗಾಳಿಯಲ್ಲಿ ಸದಾ ತೇವ. 2006ರ ಆಗಸ್ಟ್ ನೆರೆಯಲ್ಲಿ ಇಲ್ಲಿನ ಬೀದಿಗಳು ಮುಳುಗಿದ್ದವು. ಇಂಥ ಊರಲ್ಲಿ ಹಳೆಯ ಮಾರುತಿ ಓಮ್ನಿಯ ಹಿಂದಿನ ಪಟ್ಟಿ ಸ್ಪ್ರಿಂಗುಗಳಿಗೆ ಆಯಸ್ಸು ಕಡಿಮೆ. ಪಟ್ಟಿಗಳ ನಡುವೆ ನಿಂತ ನೀರು ಬೇಗ ಆರದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಪಟ್ಟಿಗಳು ಉಬ್ಬಿ, ಕೊರೆದ ಕುಳಿಗಳಿಂದ ಬಿರುಕು ಶುರುವಾಗುತ್ತದೆ.

ಬದಲಿಸುವಾಗ ವಾಹನದ ಭಾರವನ್ನು ಚಾಸಿಯ ಕೆಳಗಿನ ಗಟ್ಟಿ ಸ್ಟ್ಯಾಂಡುಗಳು ಹೊರಬೇಕು. ಜಾಕಿಗೆ ಆಕ್ಸಲ್ ಹಿಡಿಯುವ ಕೆಲಸ ಮಾತ್ರ. ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಬೆಂಕಿ ಹಚ್ಚಿ ಬಿಡಿಸುವ ಗ್ಯಾರೇಜು ರೂಢಿ ಇಂಧನ ಟ್ಯಾಂಕು, ಬ್ರೇಕ್ ಕೊಳವೆಗಳ ಸಮೀಪ ಅಪಾಯಕಾರಿ. ಸ್ಪ್ರಿಂಗು ಎರಡೂ ಬದಿ ಒಟ್ಟಿಗೇ ಬದಲಾಗಬೇಕು, ಇಲ್ಲವಾದರೆ ಗಾಡಿ ವಾಲುತ್ತದೆ. ಯು-ಬೋಲ್ಟು, ಬುಷ್ ಹೊಸದೇ ಇರಲಿ. ಹಳೆಯ ಯು-ಬೋಲ್ಟು ಉಳಿಸುವುದು ಜಿಪುಣತನವಷ್ಟೇ. ಸ್ಪ್ರಿಂಗಿನ ಕೊಂಡಿ ಕೂರುವ ಚಾಸಿ ಭಾಗವೇ ಟೊಳ್ಳಾಗಿದ್ದರೆ ಮೊದಲು ಅದರ ದುರಸ್ತಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಬಿಗಿ ಹಾಕುವುದು ಚಕ್ರಗಳು ನೆಲಮುಟ್ಟಿ ಭಾರ ಹೊತ್ತ ಮೇಲೆ.